ಬೋಜಕ್ಕನಿಗೆ, ಮಂಗಳೂರಿಗೆ ಹೊರಡುವ ಮೊದಲು

ಡ್ರೈವರನ ಹಿಂದಿನ ಎರಡನೇ ಸಾಲು ಹಿಡಿ ಬೋಜಕ್ಕ,
ಚಕ್ರದ ಮೇಲೆ ಕೂತರೆ ಸಂಪಾಜೆ ಘಾಟಿ
ನಿನ್ನ ಹೊಟ್ಟೆಯೊಳಗೇ ಇಳಿಯುತ್ತದೆ.
ಸೆರಗಿನಲ್ಲೊಂದು ನಿಂಬೆಹಣ್ಣು ಕಟ್ಟಿಕೋ.
ಕಡಂಬುಟ್ಟು ತಿಂದು ಹತ್ತಬೇಡ.
ಉತ್ತಯ್ಯಣ್ಣನಿಗೆ ಹೇಗೂ ಬರಿಹೊಟ್ಟೆ ಅಂದಿದ್ದಾರೆ,
ಸುಳ್ಯದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ,
ಇಳಿದು ಅವರಿಗೆ ಬೆನ್ನು ಹಾಕಿ ಕಾಫಿ ಕುಡಿ.
(ನಮ್ಮ ಕಾಫಿಯಲ್ಲ ಅದು. ಗೊಣಗಬೇಡ.)

ಜೋಡುಪಾಲ ಕಳೆಯುವವರೆಗೆ ಸ್ವೆಟರ್ ಇರಲಿ.
ಆಮೇಲೆ ಬಿಚ್ಚು,
ಆದರೆ ಬ್ಯಾಗಿನ ತಳಕ್ಕೆ ತುರುಕಬೇಡ:
ಊರಿಗೂರೇ ಬೆವರುವಾಗ
ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚು ಮಾತ್ರ
ನಮ್ಮ ಡಿಸೆಂಬರು.
ಘಟ್ಟದ ಮೇಲಿನವರನ್ನು ಅಲ್ಲಿ ಗುರುತಿಸುವುದು ಸುಲಭ,
ಆ ಸೆಕೆಯಲ್ಲೂ ಮಡಿಲಲ್ಲಿ ಉಣ್ಣೆ ಇಟ್ಟುಕೊಂಡು ಕೂತಿರುತ್ತಾರೆ.

ಪಂಪ್‌ವೆಲ್‌ನಲ್ಲೇ ಇಳಿದುಬಿಡಿ.
ಆಟೋದವನು ಕೇಳುವ ಮೊದಲೇ ಮೀಟರ್ ಹಾಕುತ್ತಾನೆ,
ನಮ್ಮಲ್ಲಿಯ ಹಾಗೆ ಚೌಕಾಸಿಗೆ ನಿಂತು
ನಗೆಪಾಟಲಾಗಬೇಡ.
ಸಿಟಿ ಬಸ್ಸಾದರೆ ನಂಬರ್ ನಂಬಬೇಡ,
ಬಾಗಿಲಲ್ಲಿ ಜೋತುಬಿದ್ದು ಕೂಗುವ ಹುಡುಗನ ಬಾಯಿ ನೋಡು.
ತುಳುವಿನಲ್ಲಿ ಬೈದ ಹಾಗೆ ಕೇಳಿಸುತ್ತದೆ,
ಬೇಗ ಹತ್ತಿ ಅಮ್ಮಾ ಅಂತಲೇ ಅದು.
ಬಸ್ಸು ಪೂರ್ತಿ ನಿಲ್ಲುವುದಿಲ್ಲ.
ಮೊದಲು ಅಣ್ಣ, ಆಮೇಲೆ ಫೈಲು, ಕೊನೆಗೆ ನೀನು.

ಫೈಲು ಅಂದೆನಲ್ಲ,
ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಪ್ಲಾಸ್ಟಿಕ್ ಕವರು.
ಜೆರಾಕ್ಸ್ ಇಲ್ಲೇ ಮಾಡಿಸಿಕೋ, ಮೂರು ಮೂರು ಪ್ರತಿ,
ಆಸ್ಪತ್ರೆಯ ಎದುರು ಹಾಳೆಗೆ ಐದು ರೂಪಾಯಿ.
ರೇಷನ್ ಕಾರ್ಡು, ಆಧಾರು, ಎರಡು ಫೋಟೋ.
ಸಹಿ ಹಾಕುವ ಜಾಗ ಬಹಳ.
ಓದಿ ಹಾಕು ಅಂತ ನಾನು ಹೇಳುವುದಿಲ್ಲ,
ನಾನು ಓದಲಿಲ್ಲ.

ಊಟಕ್ಕೆ ಕ್ಯಾಂಟೀನು ಬೇಡ.
ಗೇಟಿನ ಎಡಕ್ಕೊಂದು ಶೀಟಿನ ಮಾಡು,
ಒಳಗೆ ಜಲಜಾಕ್ಷಿ ಅಂತ ಇದ್ದಾರೆ.
ಸುಂಟಿಕೊಪ್ಪದ ಟೈಲರ್ ನಬೀಸ ಕಳಿಸಿದಳು ಅನ್ನು,
ಗಂಜಿಯ ತಿಳಿ ಬೇರೆ ಲೋಟಕ್ಕೆ ಬಸಿದು ಕೊಡುತ್ತಾರೆ.
ನಮ್ಮ ಮತ್ತಿಗೆ ಅಲ್ಲಿ ಬೂತಾಯಿ ಅನ್ನುತ್ತಾರೆ.
ಹೆಸರು ಬೇರೆ, ಮುಳ್ಳು ಅದೇ.

ಮೂರಕ್ಕೆ ಕೆಲಸವೆಲ್ಲ ಮುಗಿದಿರುತ್ತದೆ,
ರಿಪೋರ್ಟು ನಾಲ್ಕೂವರೆಗೆ.
ಆ ನಡುವೆ ಯಾರಾದರೂ ಹೇಳಿಯೇ ಹೇಳುತ್ತಾರೆ,
ಇಷ್ಟು ದೂರ ಬಂದಿದ್ದೀರಿ, ಸಮುದ್ರ ನೋಡಿ ಬನ್ನಿ ಅಂತ.
ಹೋಗಬೇಡ.
ರಿಪೋರ್ಟಿಗೆ ಮೊದಲು ಸಮುದ್ರ ನೋಡಬಾರದು,
ಅಲೆ ಎಣಿಸಲು ಕೂತುಬಿಡುತ್ತೀಯ,
ಸಮ ಬಂದರೆ ಹೀಗೆ, ಬೆಸ ಬಂದರೆ ಹಾಗೆ ಅಂತ.
ಅಲೆಗಳಿಗೆ ನಿಲ್ಲಿಸಿ ಗೊತ್ತಿಲ್ಲ.

ಕೈಗೆ ಸಿಕ್ಕ ಮೇಲೆ, ಅದರಲ್ಲಿ ಏನೇ ಬರೆದಿರಲಿ,
ಹೋಗಿ.
ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿದರೆ
ಹೊಳೆ ದಾಟಿಸಿ ತಣ್ಣೀರುಬಾವಿಗೆ ಬಿಡುತ್ತಾರೆ, ಚಿಲ್ಲರೆ ಇರಲಿ.
ಇವರು ಅಲ್ಲಿ ಪ್ಯಾಂಟು ಮಡಚಿ
ಮೊಣಕಾಲವರೆಗೆ ಇಳಿದರು.
ಬೊಗಸೆಯಲ್ಲಿ ಎತ್ತಿ ನಾಲಗೆಗೆ ಮುಟ್ಟಿಸಿ,
ಉಪ್ಪು ಸ್ವಲ್ಪ ಜಾಸ್ತಿಯಾಯಿತು ಮಾರಾಯ್ತಿ ಅಂದರು,
ನಾನೇ ಹಾಕಿದ್ದೇನೋ ಅನ್ನುವ ಹಾಗೆ.
ಚಪ್ಪಲಿಯ ಮರಳು ಹದಿನೈದು ದಿನ
ಅಂಗಡಿಯ ಮೆಷಿನ್ ಪೆಡಲಿನ ಕೆಳಗೆ ಸಿಗುತ್ತಿತ್ತು.

ಕೊನೇ ಸಲ ನಾವು ವಾಪಸು ಬಂದದ್ದು ಬಸ್ಸಿನಲ್ಲಲ್ಲ.
ಆ ದಾರಿಯ ವಿವರ ನಿನಗೆ ಬೇಡ.

ಹಸಿರು ಫ್ಲಾಸ್ಕು ತೆಗೆದಿಟ್ಟಿದ್ದೇನೆ,
ಮುಚ್ಚಳ ಒಂದು ಸುತ್ತು ಹೆಚ್ಚು ತಿರುಗಿಸಬೇಕು.
ಬಿಸಿನೀರು ಎರಡನೇ ಮಹಡಿಯಲ್ಲಿ,
ಕೆಳಗಿನ ನಳ್ಳಿಗೆ ಬರೀ ಬೋರ್ಡು.
ಫ್ಲಾಸ್ಕು ವಾಪಸು ಬೇಕು ನನಗೆ.
ಯಾರ ಕೈಯಲ್ಲೂ ಕಳಿಸಬೇಡ, ಅಣ್ಣನ ಜೊತೆ ನೀನೇ ಬಾ,
ಅವರ ಅಂಗಿಯ ಅಳತೆ
ನನ್ನ ಪುಸ್ತಕದಲ್ಲಿ ಹಳೆಯದಾಗಿದೆ.

ಬಸ್ಸು ಆರೂ ಹತ್ತಕ್ಕೆ.
ಐದೂ ಮುಕ್ಕಾಲಿಗೇ ಬಂದು ನಿಂತಿರು,
ಈ ಹೊಸ ಡ್ರೈವರಿಗೆ ಹಾರ್ನ್ ಹೊಡೆಯುವ ಅಭ್ಯಾಸವಿಲ್ಲ.