ಆಲೂಗಡ್ಡೆ ಬೀದಿಯ ಮೊದಲ ಚಳಿಗಾಲ

ತಾರ್ತು ಪಟ್ಟಣದ ಈ ಬಡಾವಣೆಗೆ ಸಾರಿನೂರು ಎಂದು ಹೆಸರು.
ಬಟಾಣಿ ಬೀದಿ, ಅವರೆ ಬೀದಿ, ಆಮೇಲೆ
ಹೊಳೆಯ ಕಡೆ ವಾಲಿಕೊಂಡ ಆಲೂಗಡ್ಡೆ ಬೀದಿ.
ವಿಳಾಸ ಬರೆಸುವಾಗ ಬ್ಯಾಂಕಿನ ಹುಡುಗಿ ನಗಲಿಲ್ಲ,
ನಾನೊಬ್ಬಳೇ ನಕ್ಕೆ.

ಮನೆ ಮರದ್ದು. ಮೆಟ್ಟಿಲೂ ಮರದ್ದೇ,
ಒಂದೊಂದಕ್ಕೂ ಒಂದೊಂದು ನರಳು.
ಒಡತಿ ಸಲ್ಮೆ, ಎಪ್ಪತ್ತೆಂಟು ವರ್ಷ,
ಒಂದು ಕಾಲಕ್ಕೆ ಅಂಚೆ ವಿಂಗಡಿಸುತ್ತಿದ್ದವಳು,
ಬಾಡಿಗೆಯ ಮಾತಿಗೆ ಮೊದಲು ಒಲೆಯ ಪಾಠ ಶುರುಮಾಡಿದಳು:
ಸೂರಿನೆತ್ತರದ ಬಿಳಿ ಬಿಲ್ಲೆಗಳ ಒಲೆ,
ಬಲೆಚೀಲದಲ್ಲಿ ಭೂರ್ಜದ ಸೌದೆ,
ನೆತ್ತಿಯ ಬಳಿ ಎಳೆದು ತಳ್ಳುವ ಕಬ್ಬಿಣದ ತಟ್ಟೆ.
"ನೀಲಿ ಇರುವ ತನಕ ಮುಚ್ಚಬೇಡ."
ಕೈಸನ್ನೆ, ಅರೆಬರೆ ಇಂಗ್ಲಿಷು, ಕೊನೆಗೆ
ಕತ್ತು ವಾಲಿಸಿ, ಕಣ್ಣು ಮುಚ್ಚಿ, ಸತ್ತವಳ ನಟನೆ.
ಅರ್ಥವಾಯಿತು.

ನನ್ನ ಕೆಲಸ ಎಣಿಸುವುದು.
ಜೌಗುನೆಲಕ್ಕೆ ಕೊಳವೆ ಇಳಿಸಿ ತೆಗೆದ ಕಪ್ಪು ಮಣ್ಣಿನಲ್ಲಿ
ಹಳೆಯ ಪರಾಗ, ಗಾಜಿನ ಮೇಲೆ ಒಂದೊಂದು ಚುಕ್ಕೆ.
ಪೈನಿಗೆ ಎರಡು ಗಾಳಿಚೀಲ, ಭೂರ್ಜಕ್ಕೆ ಮೂರು ಕಿಂಡಿ.
ದಿನಕ್ಕೆ ಐನೂರಾದರೂ ಆಗಬೇಕು ಎಂದರು ಪ್ರೊಫೆಸರ್ ತೀಯು.
ಮೊದಲ ದಿನ ತೊಂಬತ್ತೊಂದು.
ಅದರಲ್ಲಿ ಹನ್ನೆರಡು ಬರೀ ಗಾಳಿಗುಳ್ಳೆ ಎಂದ ಪಕ್ಕದ ಉರ್ಮಾಸ್.
ಮೂರು ವಾರದಲ್ಲಿ ಅವನಾಡಿದ ಎರಡನೆಯ ಮಾತು ಅದು.
ಮೊದಲನೆಯದು, "ಹೊಗೆ ವಾಸನೆ. ಸಾರಿನೂರಾ?"

ಮಂಗಳವಾರ ಸಂಜೆ ಭಾಷೆಯ ತರಗತಿ.
ಎಮ ಅಂದರೆ ತಾಯಿ. ಎಮ್ಮೆ ಎಂದು ನೆನಪಿಟ್ಟುಕೊಂಡೆ.
ಊರ ನಡುವಿನ ಹೊಳೆಯ ಹೆಸರಲ್ಲೂ ಆಕೆ ಇದ್ದಾಳೆ,
ನವೆಂಬರ್ ಮುಗಿಯುವಾಗ ಅಂಚಿನಿಂದ ಕೆನೆಗಟ್ಟತೊಡಗಿದಳು.
ಎದುರಾದವರಿಗೆ ಹೇಳುವುದು ತೆರೆ.
ತೆರೆ, ತೆರೆ ಎಂದು ತರಗತಿಯೆಲ್ಲ ಒಪ್ಪಿಸುವಾಗ
ಬಳ್ಳಾರಿಯಲ್ಲಿ ಬೆಳೆದ ನನ್ನ ಕಿವಿ
ಯಾವ ಬಾಗಿಲು, ಎಲ್ಲಿ ಚಿಲಕ ಎಂದು ಹುಡುಕುತ್ತಿತ್ತು.

ಮೂರೂವರೆಗೆ ಕತ್ತಲು.
ಎಲ್ಲರ ಕೋಟಿನಿಂದ ದಾರದಲ್ಲಿ ತೂಗುವ ಮಿಂಚುಬಿಲ್ಲೆ,
ಕಾರಿನವರ ಕಣ್ಣಿಗೆ ಬೀಳಲೆಂದು.
ನಾನೂ ಒಂದು ಕೊಂಡೆ, ಮುಳ್ಳುಹಂದಿಯ ಆಕಾರದ್ದು.
ಯಾರಿಗೆ ಕಂಡೆನೋ ಏನೋ, ಕಾರುಗಳಂತೂ ನಿಂತವು.

ಡಿಸೆಂಬರಿನ ಒಂದು ದಿನ, ನಾಲ್ಕು ವಾರದ ಎಣಿಕೆಯೇ ತಪ್ಪೆಂದಾಯಿತು:
ಎರಡು ಜಾತಿಯ ಪರಾಗವನ್ನು ಒಂದೇ ಎಂದು ಬರೆಯುತ್ತ ಬಂದಿದ್ದೆ.
ರಾತ್ರಿ ಯಾರಿಗೂ ಫೋನು ಮಾಡಲಿಲ್ಲ.
ಅಲ್ಲಿ ಎಲ್ಲರೂ ಮಲಗಿರುತ್ತಾರೆ,
ಎಚ್ಚರಿದ್ದರೂ ಇದನ್ನು ಎಲ್ಲಿಂದ ಶುರುಮಾಡಿ ಹೇಳಲಿ.
ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ.
ಕೆಂಡದ ಮೇಲೆ ನೀಲಿ, ಬೆರಳುದ್ದ.
ಆರಿತು ಎಂದುಕೊಂಡರೆ ಮೂಲೆಯಲ್ಲಿ ಮತ್ತೊಂದು.
ಮಲಗುವ ಹಾಗಿಲ್ಲ, ಅಳಲೂ ಪುರುಸೊತ್ತಿಲ್ಲ,
ಕಣ್ಣು ಮಂಜಾದರೆ ನೀಲಿ ಕಾಣುವುದು ಹೇಗೆ?
ಆರು ಸಾವಿರ ವರ್ಷದ ಕೆಳಗಿನ ಪದರದಲ್ಲಿ
ಉರ್ಮಾಸ್ ತೋರಿಸಿದ್ದ ಇದ್ದಿಲ ಚೂರು ನೆನಪಾಯಿತು.
ಯಾರೋ ಬಂದರು, ಬೆಂಕಿ ಹಾಕಿದರು. ಅಷ್ಟೇ ಗೊತ್ತು.
ನೆಲೆ ನಿಂತರೋ, ಮೈ ಕಾಯಿಸಿ ಎದ್ದು ಹೋದರೋ,
ಮಣ್ಣು ಹೇಳುವುದಿಲ್ಲ.

ಬೆಳಿಗ್ಗೆ ವಾರದ ಬೂದಿ ತುಂಬಿದ ಬಕೆಟ್ಟು ಹಿಡಿದು ಇಳಿದೆ.
ಅಂಗಳವೆಲ್ಲ ಗಾಜು.
ಮೆಟ್ಟಿಲಿಂದ ಗೇಟು ದಾಟಿ ಬೀದಿಯವರೆಗೆ ಚೆಲ್ಲಿದೆ,
ರಂಗೋಲಿ ಬಿಟ್ಟ ಹಾಗೇನಲ್ಲ, ಕೋಳಿಗೆ ಕಾಳೆಸೆದ ಹಾಗೆ.
ಪಕ್ಕದ ಮನೆಯಾತ,
ಮೂರು ತಿಂಗಳು ಬೇಲಿಯನ್ನೇ ನೋಡುತ್ತ ಹೋದವನು,
ನನ್ನ ಬೂದಿಯ ಮೇಲೆ ಬೂಟು ಒತ್ತಿ ಪರೀಕ್ಷಿಸಿ
ತೆರೆ ಎಂದ.
ತೆರೆ ಎಂದೆ.
ಎಂದ ಮೇಲೆ ಥಟ್ಟನೆ ಹೊಳೆಯಿತು,
ರಾತ್ರಿ ತಟ್ಟೆ ಮುಚ್ಚಿದ್ದೆನೇ?

ನರಳುವ ಮೆಟ್ಟಿಲನ್ನೆಲ್ಲ ತುಳಿದು ಹತ್ತಿದೆ.
ಇಲ್ಲ, ಮುಚ್ಚಿರಲಿಲ್ಲ.
ಬಿಸಿಯೆಲ್ಲ ಚಿಮಣಿಯಿಂದ ಸಾರಿನೂರಿನ ಪಾಲಾಗಿತ್ತು.