ಎರಡೂವರೆ ನಂಬರು

ನಮ್ಮ ಮಾತಿನಲ್ಲಿ ಸೂರು ಅಂದರೆ ಮನೆಯ ಮಾಡು.
ಒಮಾನಿನ ಈ ಸೂರ್ ಒಂದು ಕಡಲೂರು.
ಸುಡಾನಿನ ಡಾಕ್ಟರ್ ಇದ್ರೀಸ್ ಹೇಳಿದರು:
ಅರಬ್ಬಿಯಲ್ಲಿ ಗೋಡೆಗೂ ಹೆಚ್ಚುಕಡಿಮೆ ಇದೇ ಸದ್ದು,
ಅಕ್ಷರ ಬೇರೆ, ಅಷ್ಟೆ.
ಜೈಲಿನ ಗೇಟಿನೆದುರು ನಿಂತಾಗ
ನನ್ನ ಕಿವಿಗೆ ಆ ವ್ಯತ್ಯಾಸ ಸಿಗಲಿಲ್ಲ.

ನಾನು ಮೀನು ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ
ಕನ್ನಡಕದ ಗಾಜು ಉಜ್ಜುವವನು.
ಶುಕ್ರವಾರ ರಜೆ; ಡಾಕ್ಟರರ ಪೆಟ್ಟಿಗೆ ಹೊರಲು
ಒಬ್ಬ ಬೇಕಿತ್ತು.

ಸಾರ್ಜೆಂಟ್ ಖಲ್ಫಾನ್ ಒಂದೊಂದೇ ಎತ್ತಿ ಎಣಿಸಿದ:
ಎಪ್ಪತ್ತೆರಡು.
ಗಾಜು ಆಗದು, ಪ್ಲಾಸ್ಟಿಕ್ ಆದೀತು.
ಲೋಹದ ಕಡ್ಡಿ ಆಗದು.
ತಿರುಪು? ಸಾಸಿವೆಯಷ್ಟು ತಿರುಪು? ಅದೂ ಆಗದು.
ಮೊದಲೇ ಗೊತ್ತಿದ್ದರಿಂದ ಹಿಂದಿನ ರಾತ್ರಿ ಕೂತು
ಕೀಲಿನ ತಿರುಪೆಲ್ಲ ಕಿತ್ತು
ನೈಲಾನ್ ದಾರ ಕಟ್ಟಿ ತಂದಿದ್ದೆ.
ರಿಜಿಸ್ಟರನ್ನು ತೋಳುದ್ದ ದೂರ ಹಿಡಿದು ಸಹಿ ಹಾಕಿದ ಖಲ್ಫಾನ್.
ಇವನಿಗೂ ಒಂದು ಬೇಕು, ಅಂದುಕೊಂಡೆ. ಹೇಳಲಿಲ್ಲ.

ಗೋಡೆಯ ಹಾಳೆಯಲ್ಲಿ ಮೂರು ಹಲ್ಲಿನ ಬಾಚಣಿಗೆಗಳು,
ದೊಡ್ಡದು, ಸಣ್ಣದು, ಇನ್ನೂ ಸಣ್ಣದು.
ಹಲ್ಲು ಯಾವ ಕಡೆಗೆ? ಕೈಯಲ್ಲಿ ತೋರಿಸಿದರೆ ಸಾಕು.
ಸಿಲ್ಹೆಟ್ಟಿನ ಹುಡುಗನೊಬ್ಬ,
ಹಿಡಿದ ದಿನವೇ ಕನ್ನಡಕ ಒಡೆದಿತ್ತಂತೆ,
ಮೈನಸ್ ಆರು ಹಾಕಿದ್ದೇ ಹಾಳೆ ಬಿಟ್ಟು
ಸಾಲಿನವರ ಮುಖ ನೋಡತೊಡಗಿದ.
ಎರಡು ವರ್ಷ ದನಿಯಿಂದಷ್ಟೇ ಗುರುತಿದ್ದವರು.
ಒಬ್ಬನನ್ನು ಕೇಳಿದ: ನೀನು ಇಷ್ಟು ಮುದುಕನೇ?
ಸಾಲೆಲ್ಲ ನಕ್ಕಿತು, ಖಲ್ಫಾನನೂ.

ಆಮೇಲೆ ಬಂದದ್ದು ಕೊಡೇರಿಯ ಬಚ್ಚ ಮರಕಾಲ, ಐವತ್ತೊಂದು.
ಧಣಿ ಓಡಿಹೋಗಿ, ದೋಣಿಯಲ್ಲಿ ಸಿಕ್ಕ ಡೀಸೆಲ್ಲಿಗೆ
ಇವನ ಸಹಿ ಉಳಿಯಿತು.
ಕಾಣದೆ ಹಾಕಿದೆ ಅಂದ.
ಕಂಡಿದ್ದರೂ ಅದು ಅರಬ್ಬಿ.

ದೂರದ್ದೆಲ್ಲ ಕಂಡಿತು, ಕಡಲಿನವನಲ್ಲವೆ.
ಹತ್ತಿರದ್ದೇ ತೊಂದರೆ.
ಓದುವ ಕಾರ್ಡಿನಲ್ಲಿ ಅರಬ್ಬಿ, ಉರ್ದು, ಇಂಗ್ಲಿಷು.
"ಕನ್ನಡ ಇಲ್ದಿದ್ ಕನ್ನಡ್ಕವಾ, ಹ್ವಾಯ್?"
ನಿಮ್ಮ ಹತ್ತಿರ ಏನಾದರೂ ಇದ್ದರೆ ತೆಗೆಯಿರಿ, ಅಂದೆ.
ಅಂಗಿಯೊಳಗಿಂದ ಬಂತು ನೀಲಿ ಏರೋಗ್ರಾಮು,
ಮಡಿಕೆಯಲ್ಲಿ ಹರಿದದ್ದು.

ಬಾಗಿಲ ಬಳಿ ಶಿರೂರಿನ ಇಲ್ಯಾಸ್
ನನ್ನತ್ತ ನೋಡಿ ಕೈಯಾಡಿಸಿದ.
ನೊಣ ಓಡಿಸುತ್ತಾನೆ ಅಂದುಕೊಂಡೆ.

ಒಂದೂವರೆ: ಇರುವೆ ಸಾಲು.
ಎರಡು: ಇರುವೆಗೆ ಕೊಂಬು, ದೀರ್ಘ.
ಎರಡೂವರೆ.
ಬಚ್ಚ ಬೆರಳಿಟ್ಟು ಗಟ್ಟಿಯಾಗಿ ಓದಿದ, ಮೂರನೇ ಕ್ಲಾಸಿನಂತೆ:
"ಅಬ್ಬಿ ಆಸಾಡಿ ಅಮಾಸಿಗೆ ತೀರಿಹೋದ್ರ್.
ಬೊಜ್ಜ ತಮ್ಮನೇ..."
ದನಿ ಅಲ್ಲಿಗೆ ನಿಂತಿತು.
ತುಟಿ ಮಾತ್ರ ಕೊನೆಯವರೆಗೆ ನಡೆಯಿತು.

ನನಗೆ ಆಮೇಲೆ ತಿಳಿದದ್ದು:
ಹದಿನಾಲ್ಕು ತಿಂಗಳಿಂದ ಇವನ ಕಾಗದ ಓದುವವ ಇಲ್ಯಾಸ್.
ಇದೇ ಕಾಗದದಲ್ಲಿ ಅವನು ಓದಿದ್ದು,
ಮೀನು ತಿಂದೆಯಾ ಎಂದು ಅಬ್ಬಿ ಕೇಳಿದ್ದಾರೆ ಅಂತ.
ತಿಂದೆ, ಇಲ್ಲಿಯ ಬೈಗೆಗೆ ರುಚಿ ಸಾಲದು ಅಂತ ಬರಿ,
ಎಂದಿದ್ದ ಬಚ್ಚ.
ಇಲ್ಯಾಸ್ ಏನು ಬರೆದು ಕಳಿಸಿದನೋ.

ಓದುವ ಕನ್ನಡಕದಲ್ಲಿ ದೂರದ್ದು ಮಸುಕು.
ಬಚ್ಚ ತಲೆಯೆತ್ತಿದರೆ ಬಾಗಿಲಲ್ಲಿ
ಇಲ್ಯಾಸ್ ಇರಬೇಕಾದಲ್ಲಿ ಒಂದು ಬೂದು ಮುದ್ದೆ.
ಮೂಗಿನ ತುದಿಗೆ ಇಳಿಸಿ ಮೇಲಿಂದ ನೋಡಿದ.
ಯಾರೂ ಹೇಳಿಕೊಟ್ಟಿರಲಿಲ್ಲ.
"ಮೀನ್ ತಿಂದ್ಯಾ ಅಂದೇಳಿ ಕೇಂಡದ್
ನಿನ್ನ್ ಅಬ್ಬಿಯಾ?"

ಇಲ್ಯಾಸ್ ಬಾಗಿಲ ಹಸಿರು ಬಣ್ಣವನ್ನು
ಉಗುರಿನಲ್ಲಿ ಕೆರೆಯುತ್ತ ನಿಂತ.
ನಾನು ಪಟ್ಟಿ ತುಂಬಿದೆ: ಮರಕಾಲ, ಎರಡೂವರೆ, ಎರಡೂ ಕಣ್ಣು.
ಖಲ್ಫಾನ್ ಗಡಿಯಾರ ತಟ್ಟಿದ.

ಬಚ್ಚ ಕನ್ನಡಕ ಕಳಚಿ ಕೀಲನ್ನು ಬೆರಳಲ್ಲಿ ಸವರಿದ.
ಗಂಟಿಗೆ ಅವನಿಗೆ ಕಣ್ಣು ಬೇಕಿರಲಿಲ್ಲ.
"ಇದೆಂಥಾ ಗಂಟ್ ಮಾರಾಯ್ರೆ, ನಾಳಿಗ್ ಬಿಚ್ಚಿ ಹೋತ್ತ್."
ನನ್ನ ರಾತ್ರಿಯ ಕೆಲಸವನ್ನು ಹಲ್ಲಿನಲ್ಲಿ ಬಿಡಿಸಿ
ಬಲೆಯ ಗಂಟು ಹಾಕತೊಡಗಿದ.
ದಾರ ಬಿಗಿಯಾಗಿರಬೇಕು. ಕೈ ಎರಡು ಸಾಲದು.

"ಇಲ್ಯಾಸಾ, ಬಾ ಇಲ್ಲಿ.
ಈ ತುದಿ ಹಿಡ್ಕೋ."