ಕಿವಿಯ ಮೇಲಿನ ಜಾಗ

ಹನ್ನೊಂದನೇ ದಿನ.
ಮೊದಲು ಸಿಗರೇಟು ಕೂರುತ್ತಿದ್ದ ಕಿವಿಯ ಮೇಲೆ
ಈಗ ನೀಲಿ ಪೆನ್ಸಿಲ್ಲು.
ಬೆರಳು ಮಾತ್ರ ಇನ್ನೂ ಒಪ್ಪಿಲ್ಲ.
ಪ್ಯಾಂಟಿನ ಕಾಲು ಕತ್ತರಿಸಿ ಮುಗಿಯಿತೋ ಇಲ್ಲವೋ
ತಾನಾಗಿ ಮೇಲೆ ಹೋಗಿ, ತಡವಿ,
ಪೆನ್ಸಿಲ್ಲು ಸಿಕ್ಕಿ, ವಾಪಸು ಬರುತ್ತದೆ
ಯಾರದೋ ಮನೆ ಬಾಗಿಲು ಬಡಿದವನ ಮುಖ ಹಾಕಿಕೊಂಡು.

ಚೌಕಿಪೇಟೆಯಲ್ಲಿ ಮೂವತ್ತೊಂದು ವರ್ಷ
ಊರಿನ ಸೊಂಟ ಅಳೆದಿದ್ದೇನೆ.
ಟೇಪು ಸುತ್ತಿದ ಕೂಡಲೇ ಎಂಥವನೂ
ಉಸಿರು ಕಟ್ಟಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ:
ಡ್ರಿಲ್ ಮಾಸ್ತರು, ಮೆಕ್ಕೆಜೋಳದ ದಲಾಲಿ, ಮದುವೆ ಗಂಡು.
ನಾನು ಏನೂ ಅನ್ನುವುದಿಲ್ಲ.
ಮೂವತ್ನಾಲ್ಕು ಎಂದು ಕೇಳುವಂತೆ ಹೇಳಿ
ಮೂವತ್ತಾರಕ್ಕೆ ಕತ್ತರಿ ಹಾಕುತ್ತೇನೆ.

ಆಸೆಗೂ ಟೇಪು ಹಿಡಿದು ನೋಡಿದೆ.
ಅದೂ ಹೊಟ್ಟೆ ಒಳಗೆಳೆದುಕೊಂಡಿತು.
‘ಒಂದೇ ಒಂದು’ ಅಂತು.
‘ಹೋಗಲಿ, ಅರ್ಧ.’
‘ಅದೂ ಬೇಡ ಮಾರಾಯ,
ಜಬೀವುಲ್ಲಾ ಸೇದುವಾಗ ಪಕ್ಕಕ್ಕೆ ನಿಂತುಕೋ, ಸಾಕು.’
ಅದರ ದನಿ ಬೇರೆಯವರದಲ್ಲ.
ಅವ್ವ ಕರೆಯುತ್ತಿದ್ದ ಹಾಗೆಯೇ ‘ವಿಠೂ’ ಎನ್ನುತ್ತದೆ.
ಬೈಯಲು ಬಾಯಿ ಬರುವುದಿಲ್ಲ.

ಹಾಲಸ್ವಾಮಿಯ ಡಬ್ಬಿ ಅಂಗಡಿಗೆ ಮೊದಲೇ ಹೇಳಿಟ್ಟಿದ್ದೆ:
ಕೈ ಮುಗಿದರೂ ಕೊಡಬೇಡ, ಜಗಳಕ್ಕೆ ಬಂದರೂ ಕೊಡಬೇಡ.
ಎಂಟನೇ ದಿನ ಜಗಳಕ್ಕೆ ಹೋದೆ.
ಕೊಡಲಿಲ್ಲ ಆಸಾಮಿ.
ಶೇಂಗಾ ಚಿಕ್ಕಿ ಕೈಗಿಟ್ಟು
ಹಳೇ ಬಾಕಿ ಇನ್ನೂರ ಹತ್ತು ಕೇಳಿದ.

ಹಾಗಾಗಿ ಇವತ್ತು ‘ಗುಂಡಿ ತರ್ತೀನಿ’ ಎಂದು ಹೇಳಿ
ಅಶೋಕ ಟಾಕೀಸಿನ ಕಡೆ ನಡೆದೆ.
ಆಣೆ ಹಾಕಿದ್ದು ಹಾಲಸ್ವಾಮಿಗೆ, ಊರಿಗೆಲ್ಲಾ ಅಲ್ಲವಲ್ಲ.
ರೈಲ್ವೆ ಗೇಟು ಬಿದ್ದಿತ್ತು.
ಆಚೆ ದಡದಲ್ಲಿ ಗುರುತಿಲ್ಲದ ಅಂಗಡಿ,
ಗುರುತಿಲ್ಲದ ಹುಡುಗ,
ಹಗ್ಗದ ತುದಿಯಲ್ಲಿ ಸಣ್ಣಗೆ ಉರಿಯುವ ಕೆಂಡ.
ಇಷ್ಟು ದೂರದಿಂದ ಕಂಡೀತೆ? ಕಂಡಿತು.

ಸೈಕಲ್ಲಿನವರು ನುಸಿಯುತ್ತಿದ್ದರು. ನಾನೂ ಬಗ್ಗಿದೆ.
ಕೊರಳಲ್ಲಿ ಮರೆತಿದ್ದ ಟೇಪು ಜಾರಿ ನೆಲಕ್ಕೆ ತಾಗಿತು.
‘ಏನ್ರೀ ಮಾಸ್ತರ್ರೇ,’ ಮಂಡಕ್ಕಿ ಚೀಲದ ಮೇಲೆ ಕೂತವನು ಕೂಗಿದ,
‘ರೈಲಿಂದೂ ಅಳತೆ ತಗೀತೀರೇನು?’
ಎಲ್ಲರೂ ನಕ್ಕರು. ನಾನೂ ನಕ್ಕು, ನೆಟ್ಟಗಾದೆ.

ಗೂಡ್ಸು ಬಂತು.
ನಗೆಪಾಟಲಾದವನಿಗೆ ಏನಾದರೊಂದು ಕೆಲಸ ಬೇಕು;
ಡಬ್ಬಿ ಎಣಿಸತೊಡಗಿದೆ.
ಒಂಬತ್ತರಲ್ಲಿ ಗಂಟಲು ಕೆರೆಯಿತು.
ಹದಿನೇಳರಲ್ಲಿ ಅಂಗೈ ಬೆವೆತು, ಕಿಸೆಯ ಚಿಲ್ಲರೆ ಒದ್ದೆ.
ಇಪ್ಪತ್ತೆರಡು, ಇಪ್ಪತ್ತಮೂರು,
ಯಾವನೋ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಹೂವು ಬರೆದಿದ್ದ,
ಕೈ ಒಳ್ಳೆಯದಿತ್ತು ಅವನದು,
ಒಂದೇ ಎಳೆತ, ನಡುವೆ ಎಲ್ಲೂ ನಿಲ್ಲಿಸಿಲ್ಲ,
ಸೂಟಿನ ಕಾಲರಿಗೆ ನಾನು ಎಳೆಯುವ ಗೆರೆಯ ಹಾಗೆ.
ಮೂವತ್ತೈದು.
ಆಗ ಹೊಳೆಯಿತು:
ಹನ್ನೆರಡು ಡಬ್ಬಿಯಷ್ಟು ಉದ್ದಕ್ಕೆ
ಅದು ನನ್ನೊಳಗೆ ಇರಲೇ ಇಲ್ಲ.

ಹೊಳೆದದ್ದೇ ತಡ, ಬಂದು ಕೂತಿತು.

ಗೇಟು ಎದ್ದಿತು. ಎರಡೂ ಕಡೆಯ ಗಾಡಿಗಳು
ಮೂತಿಗೆ ಮೂತಿ ಹಚ್ಚಿ ಹಾರನ್ನು ಒದರಿದವು.
ನಾನು ಹಳಿ ದಾಟಲಿಲ್ಲ.
ಗೆದ್ದೆ ಎನ್ನಲಾರೆ. ಜನ ಆ ಕಡೆ ತಳ್ಳಿದ್ದರೆ
ಆ ಕಡೆ ಹೋಗಿರುತ್ತಿದ್ದೆನೋ ಏನೋ.
ಈ ಕಡೆ ತಳ್ಳಿದರು.

‘ಗುಂಡಿ ಎಲ್ಲಿ?’ ಅಂದ ಜಬೀವುಲ್ಲಾ.
ಅಂಗಿ ಮೂಸಿ ನೋಡುವವನ ಹಾಗೆ ಹತ್ತಿರ ಬಂದ.
ಸುಮ್ಮನೆ ಅಳತೆ ಪುಸ್ತಕ ತೆರೆದು
ಕೊನೇ ಹಾಳೆಯಲ್ಲಿ ನನ್ನ ಹೆಸರು ಬರೆಯಬೇಕೆನಿಸಿತು:
ವಿಠೋಬ ಮಹೇಂದ್ರಕರ್. ಹನ್ನೆರಡು ಡಬ್ಬಿ.
ಒಳಗೆ ಎರಡು ಇಂಚು ಬಿಡುವುದು.

ಬೆರಳು ಕಿವಿಯ ಕಡೆ ಹೋಯಿತು.
ಹೋಗಲಿ.
ಈ ಸಲ ಪೆನ್ಸಿಲ್ಲೇ ಬೇಕಿತ್ತು.